ಹಿತ್ತಲಲ್ಲಿ ಹೂತಿದ್ದ ಎಣ್ಣೆ

ಎದುರುಮನೆ ಅಜ್ಜಿ ಹೇಳದೇ ಇದ್ದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಎರಡು ವರ್ಷದ ಹಿಂದಿನ ಏಪ್ರಿಲ್. ಮನೆ ಪಕ್ಕದ ರೋಡೋಡೆಂಡ್ರಾನ್ ಪೊದೆಯ ಬುಡದಲ್ಲಿ ಒಣಗಿದ ಎಲೆ ಬಾಚುತ್ತಿದ್ದೆ. ಅಜ್ಜಿ ನಾಯಿ ಹಿಡಿದುಕೊಂಡು ಹೋಗುತ್ತಿದ್ದವರು ನಿಂತರು. ಎಂಬತ್ತು ದಾಟಿದ ಜೀವ. ನಮ್ಮ ಬೀದಿಯಲ್ಲಿ ಅವರಷ್ಟು ಹಳಬರು ಇನ್ಯಾರೂ ಇಲ್ಲ. "ಆ ಮೂಲೆಯಿಂದಲೇ ಸಿಳ್ಳೆ ಕೇಳಿಸುತ್ತಿತ್ತು" ಅಂದರು. ಯಾವ ಸಿಳ್ಳೆ ಅಂತ ಕೇಳಿದೆ. "ಎಣ್ಣೆ ಲಾರಿ ಬಂದಾಗ. ನನ್ನ ಮಕ್ಕಳು ಅದನ್ನು ಕೇಳಿದರೆ ಚಳಿಗಾಲ ಬಂತು ಅನ್ನುತ್ತಿದ್ದರು."

ನನ್ನ ಎದೆ ಧಸಕ್ ಅಂತು.

ನಾವಿರುವುದು ನ್ಯೂಜೆರ್ಸಿಯ ಪಿಸ್ಕಾಟವೇಯಲ್ಲಿ. ಮನೆ 1954ರದ್ದು. ಕೊಳ್ಳುವಾಗ ಬೇಸ್‌ಮೆಂಟಿನಲ್ಲಿ ಗ್ಯಾಸ್ ಬಾಯ್ಲರ್ ಇತ್ತು. ಹಿಂದೆ ಮನೆ ಬೆಚ್ಚಗಿಡಲು ಸುಡುತ್ತಿದ್ದ ಎಣ್ಣೆಯ ಟ್ಯಾಂಕ್ ನೆಲದೊಳಗೆ ಇದೆಯೇ ಅನ್ನುವ ಪ್ರಶ್ನೆಗೆ ಮಾರುವವರು "ಗೊತ್ತಿಲ್ಲ" ಅಂತ ಗುರುತು ಹಾಕಿದ್ದರು. ಅವರ ತಾಯಿ ತೀರಿಕೊಂಡ ಮೇಲೆ ಮಕ್ಕಳು ಮಾರುತ್ತಿದ್ದ ಮನೆ ಅದು, ಅವರಿಗೆ ನಿಜವಾಗಲೂ ಗೊತ್ತಿರಲಿಕ್ಕಿಲ್ಲ. ಒಂದೊಂದು ಮನೆಗೂ ಹತ್ತಾರು ಜನ ಮುಗಿಬೀಳುತ್ತಿದ್ದ ಸಮಯ. ಯಂತ್ರ ಹಿಡಿದು ಹಿತ್ತಲು ತಡಕಾಡಿಸುವುದಕ್ಕೆ ಆಗ ಒಂದು ವಾರ ಕಾಯಬೇಕಿತ್ತು. ನಾವು ಕಾಯಲಿಲ್ಲ. ಆ ತಪ್ಪು ನಮ್ಮದೇ.

ಬೆಂಗಳೂರಲ್ಲಿ ಕೂತು ಓದುವವರಿಗೆ ಇದೆಲ್ಲ ವಿಚಿತ್ರ ಅನ್ನಿಸಬಹುದು. ಇಲ್ಲಿ ಚಳಿಗಾಲದ ಐದಾರು ತಿಂಗಳು ಮನೆಯನ್ನು ಬೆಚ್ಚಗಿಡದೇ ಬದುಕುವುದಕ್ಕೆ ಆಗಲ್ಲ. ಹಿಂದೆ ಕಲ್ಲಿದ್ದಲು ಸುಡುತ್ತಿದ್ದರು. ಹಳೇ ಮನೆಗಳ ಪಾಯದ ಗೋಡೆಯಲ್ಲಿ ಕಲ್ಲಿದ್ದಲು ಸುರಿಯುತ್ತಿದ್ದ ಪುಟ್ಟ ಕಬ್ಬಿಣದ ಬಾಗಿಲು ಈಗಲೂ ಸಿಗುತ್ತದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಎಣ್ಣೆ ಬರ್ನರ್ ಮನೆಮನೆಗೂ ಬಂತು. ಬೂದಿ ತೆಗೆಯುವ ಕೆಲಸವಿಲ್ಲ, ರಾತ್ರಿ ಎದ್ದು ಕಲ್ಲಿದ್ದಲು ಹಾಕಬೇಕಾಗಿಲ್ಲ. ಎಣ್ಣೆ ತುಂಬಿಡಲು ಕೆಲವರು ಬೇಸ್‌ಮೆಂಟಿನಲ್ಲಿ 275 ಗ್ಯಾಲನ್‌ನ ಟ್ಯಾಂಕ್ ಇಟ್ಟರು. ಉಳಿದವರು ಹಿತ್ತಲಲ್ಲಿ ಗುಂಡಿ ತೋಡಿ 550 ಗ್ಯಾಲನ್ ಹಿಡಿಯುವ ಕಬ್ಬಿಣದ ಟ್ಯಾಂಕ್ ಹೂತರು. ಅಂದರೆ 2,000 ಲೀಟರಿಗಿಂತ ಜಾಸ್ತಿ. ಹೂತರೆ ಕಣ್ಣಿಗೆ ಬೀಳಲ್ಲ, ಜಾಗವೂ ಉಳಿಯುತ್ತದೆ. ಕಬ್ಬಿಣ ಮಣ್ಣೊಳಗೆ ಎಷ್ಟು ವರ್ಷ ಬಾಳುತ್ತದೆ ಅನ್ನುವ ಯೋಚನೆ ಆಗ ಯಾರಿಗೂ ಬಂದಂತಿಲ್ಲ.

ಅಜ್ಜಿ ಹೇಳಿದ ಸಿಳ್ಳೆಗೂ ಒಂದು ಅರ್ಥ ಇದೆ. ಟ್ಯಾಂಕಿಗೆ ಎರಡು ಪೈಪು, ಒಂದು ಎಣ್ಣೆ ಹಾಕುವುದಕ್ಕೆ, ಇನ್ನೊಂದು ಗಾಳಿ ಹೊರಗೆ ಹೋಗುವುದಕ್ಕೆ. ಎಣ್ಣೆ ಒಳಗೆ ಹೋದ ಹಾಗೆ ಒಳಗಿನ ಗಾಳಿ ಎರಡನೇ ಪೈಪಿನ ಬುಡದಲ್ಲಿರುವ ಸಿಳ್ಳೆಯ ಮೂಲಕ ಹೊರಗೆ ಬರುತ್ತದೆ. ಟ್ಯಾಂಕ್ ತುಂಬುತ್ತಾ ಬಂದಾಗ ಎಣ್ಣೆ ಸಿಳ್ಳೆಯವರೆಗೆ ಏರಿ ಸದ್ದು ನಿಲ್ಲುತ್ತದೆ. ಮಣ್ಣೊಳಗೆ ಏನಾಗುತ್ತಿದೆ ಅಂತ ಲಾರಿಯವನಿಗೆ ಕಾಣುವುದಿಲ್ಲ. ಕಿವಿಗೊಟ್ಟು ನಿಂತು, ಸದ್ದು ನಿಂತ ಕೂಡಲೇ ಅವನೂ ನಿಲ್ಲಿಸುತ್ತಾನೆ.

1973ರಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ಎಣ್ಣೆ ಕೊಡುವುದನ್ನು ನಿಲ್ಲಿಸಿದವು. ಮೂರು ಡಾಲರಿನ ಆಸುಪಾಸಿನಲ್ಲಿದ್ದ ಕಚ್ಚಾತೈಲದ ಬ್ಯಾರೆಲ್ ಕೆಲವೇ ತಿಂಗಳಲ್ಲಿ ಹನ್ನೆರಡರ ಹತ್ತಿರ ಹೋಯಿತು. ಆಮೇಲಿನ ವರ್ಷಗಳಲ್ಲಿ ಗ್ಯಾಸ್ ಪೈಪು ಬಂದ ಬೀದಿಗಳಲ್ಲಿ ಜನ ಒಬ್ಬೊಬ್ಬರಾಗಿ ಎಣ್ಣೆ ಬಿಟ್ಟರು. ಬಾಯ್ಲರ್ ಬದಲಾಯಿಸಿದರು, ಪೈಪಿಗೆ ಮುಚ್ಚಳ ಹಾಕಿದರು. ಟ್ಯಾಂಕನ್ನು ಹೂತಲ್ಲೇ ಬಿಟ್ಟರು. ಒಳಗೆ ಉಳಿದಿದ್ದ ಎಣ್ಣೆಯೂ ಅಲ್ಲೇ ಉಳಿಯಿತು.

ಅಜ್ಜಿ ಹೋದ ಮೇಲೆ ಪೊದೆಯೊಳಗೆ ಕೈ ಹಾಕಿ ಹುಡುಕಿದೆ. ಗೋಡೆಗೆ ಅಂಟಿಕೊಂಡ ಹಾಗೆ ಒಂದೂಕಾಲು ಇಂಚಿನ ಪೈಪು ಸಿಕ್ಕಿತು. ನೆಲದಿಂದ ಒಂದು ಗೇಣು ಎತ್ತರಕ್ಕೆ ಕತ್ತರಿಸಿದ್ದರು, ಮೇಲೆ ತುಕ್ಕು ಹಿಡಿದ ಮುಚ್ಚಳ. ಮೂರು ವರ್ಷ ದಿನಾ ಅದರ ಪಕ್ಕದಲ್ಲೇ ಓಡಾಡಿದ್ದೆ. ಆ ಪೈಪಿನಿಂದ ಆರು ಅಡಿ ದೂರದಲ್ಲಿ ನಮ್ಮ ಸೊಪ್ಪಿನ ಮಡಿ ಇತ್ತು. ದಂಟು, ಮೆಂತ್ಯ, ನಾಲ್ಕು ಬುಡ ಅವರೆ. ಮಗಳು ಅಲ್ಲಿಂದಲೇ ಮೆಂತ್ಯದ ಎಳೆ ಚಿಗುರು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಟ್ಯಾಂಕ್ ಪತ್ತೆ ಮಾಡುವವರು ಬಂದರು. ಕಬ್ಬಿಣ ಇದ್ದ ಕಡೆ ಕೂಗುವ ಒಂದು ಯಂತ್ರ ಹಿಡಿದು, ಮೆಲ್ಲಗೆ ಹೆಜ್ಜೆ ಹಾಕುತ್ತಾ ಹಿತ್ತಲ ತುಂಬ ನಡೆದರು. ನನಗೆ ತುಮಕೂರಿನ ನಮ್ಮ ತೋಟ ನೆನಪಾಯಿತು. ಬೋರ್‌ವೆಲ್ ಕೊರೆಸುವ ಮುಂಚೆ ಒಬ್ಬರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೀಗೇ ನಡೆಯುತ್ತಿದ್ದರು. ಕಾಯಿ ನೆಟ್ಟಗೆ ಎದ್ದು ನಿಂತರೆ ಅಲ್ಲಿ ನೀರು ಅಂತ. ಅಪ್ಪ ಉಸಿರು ಬಿಗಿಹಿಡಿದು ಕಾಯಿ ಏಳಲಿ ಅಂತ ಕಾಯುತ್ತಿದ್ದರು. ಇಲ್ಲಿ ನಾನು ಯಂತ್ರ ಕೂಗದಿರಲಿ ಅಂತ ಕಾಯುತ್ತಾ ನಿಂತಿದ್ದೆ.

ಕೂಗಿತು. ಗೋಡೆಯಿಂದ ನಾಲ್ಕು ಅಡಿ ದೂರಕ್ಕೆ, ಆರು ಅಡಿ ಉದ್ದಕ್ಕೂ ಕೂಗಿತು.

ಆಮೇಲೆ ಶುರುವಾಗಿದ್ದು ಕಂಟ್ರಾಕ್ಟರ್ ಹುಡುಕಾಟ. ಈ ಬರಹ ಬರೆಯುತ್ತಿರುವುದೇ ಅದಕ್ಕಾಗಿ. ಈ ಕಡೆ ಹಳೇ ಮನೆ ಕೊಳ್ಳುತ್ತಿರುವ ಕನ್ನಡದವರು ಈಗ ಜಾಸ್ತಿ ಆಗುತ್ತಿದ್ದಾರೆ. ಯಾರಿಗಾದರೂ ನಮ್ಮ ಅನುಭವ ಉಪಯೋಗಕ್ಕೆ ಬಂದರೆ ಸಾಕು.

ಮೊದಲು ಬಂದವರು ಹತ್ತು ನಿಮಿಷದಲ್ಲಿ ಮಾತು ಮುಗಿಸಿದರು. ಒಂಬೈನೂರು ಡಾಲರ್, ನಗದು ಕೊಡಬೇಕು. ಎಣ್ಣೆ ಹೀರಿ ತೆಗೆದು ಟ್ಯಾಂಕಿನೊಳಗೆ ಮರಳು ತುಂಬಿ ಮುಚ್ಚಿಬಿಡುತ್ತೇನೆ ಅಂದರು. ಟೌನ್‌ಶಿಪ್, ಅಂದರೆ ಇಲ್ಲಿನ ಪುರಸಭೆಯ ಪರ್ಮಿಟ್? "ಸುಮ್ನೆ ಯಾಕೆ ಟೌನ್‌ಶಿಪ್‌ಗೆ ಹೋಗಿ ತಲೆನೋವು ತಂದುಕೊಳ್ಳುತ್ತೀರಿ?" ಮರಳು ತುಂಬಿ ಅಲ್ಲೇ ಬಿಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಮನೆಯ ಕಟ್ಟಡದ ಅಡಿಯಲ್ಲೇ ಟ್ಯಾಂಕ್ ಇದ್ದರೆ ಪರ್ಮಿಟ್ ತೆಗೆದುಕೊಂಡು, ಒಳಗೆಲ್ಲ ತೊಳೆದು, ಹಾಗೆ ಮಾಡುವುದುಂಟು. ಆದರೆ ಕಾಗದವಿಲ್ಲದೆ ಮರಳು ತುಂಬಿದ ಟ್ಯಾಂಕ್ ಮುಂದೆ ಮನೆ ಮಾರುವಾಗ ಮತ್ತೆ ಎದ್ದು ಬರುತ್ತದೆ. ಕೆಳಗಿನ ಮಣ್ಣು ಹೇಗಿದೆ ಅಂತ ಯಾರೂ ನೋಡಿರುವುದಿಲ್ಲ ಅಲ್ವಾ? ಕೊಳ್ಳುವವರು ಅದನ್ನು ಅಗೆಸಿ ನೋಡದೇ ಬಿಡಲ್ಲ.

ಎರಡನೆಯವರು ಪರ್ಮಿಟ್ ತೆಗೆದುಕೊಳ್ಳುತ್ತೇವೆ ಅಂದರು. ಟ್ಯಾಂಕ್ ತೆಗೆಯಲು ಸಾವಿರದ ನಾನೂರು. ಎಣ್ಣೆ ಸೋರಿ ಮಣ್ಣು ಕೆಟ್ಟಿದ್ದರೆ? "ಅದನ್ನು ಆಮೇಲೆ ನೋಡೋಣ." ಕೆಟ್ಟ ಮಣ್ಣು ತೆಗೆಯಲು ಟನ್ನಿಗೆ ಎಷ್ಟು ಅಂತ ಮೂರು ಸಲ ಕೇಳಿದೆ. ಮೂರು ಸಲವೂ "ಆಮೇಲೆ ನೋಡೋಣ" ಅಂದರು. ಗುಂಡಿ ಬಾಯಿ ತೆರೆದುಕೊಂಡಿರುವಾಗ, ಯಂತ್ರ ಹಿತ್ತಲಲ್ಲೇ ನಿಂತಿರುವಾಗ, ನಾನು ಯಾವ ಬೆಲೆಗೆ ಬೇಡ ಅನ್ನಲಿ? ಬಾವಿಗೆ ಇಳಿಸಿ ಹಗ್ಗ ಕೊಯ್ದ ಹಾಗೆ ಆಗುತ್ತಿತ್ತು.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅಪ್ಪನಿಗೆ ಎಣ್ಣೆ ಟ್ಯಾಂಕ್ ಗೊತ್ತಿಲ್ಲ, ಬೋರ್‌ವೆಲ್ ಕೊರೆಯುವವರು ಗೊತ್ತು. ನಮ್ಮ ತೋಟದಲ್ಲಿ ಏಳು ಬೋರು ಹಾಕಿಸಿದ್ದಾರೆ, ನೀರು ನಿಂತಿದ್ದು ಎರಡರಲ್ಲಿ. "ನೋಡು ಮಗಾ, ನೀರು ಬಂದರೆ ಎಷ್ಟು ಅಂತ ಎಲ್ಲರೂ ಹೇಳ್ತಾರೆ. ನೀರು ಬರದೇ ಹೋದ್ರೆ ಏನು ಮಾಡ್ತೀಯಪ್ಪಾ ಅಂತ ಕೇಳು. ಅದಕ್ಕೆ ನೆಟ್ಟಗೆ ಉತ್ತರ ಕೊಡೋನ ಕೈಲಿ ಕೆಲಸ ಮಾಡಿಸು" ಅಂದರು.

ಮೂರನೆಯವರಿಗೆ ಅದನ್ನೇ ಕೇಳಿದೆ. ಟ್ಯಾಂಕ್ ತೂತಾಗಿದ್ದರೆ ಏನು ಮಾಡುತ್ತೀರಿ? ಅವರು ಗಾಡಿಯ ಬಾನೆಟ್ ಮೇಲೆ ಕಾಗದ ಹರಡಿ ಮುಕ್ಕಾಲು ಗಂಟೆ ಮಾತಾಡಿದರು. ತೂತು ಕಂಡರೆ ರಾಜ್ಯದ ಪರಿಸರ ಇಲಾಖೆಯ ಹಾಟ್‌ಲೈನ್‌ಗೆ ಅವತ್ತೇ ಫೋನ್ ಮಾಡಲೇಬೇಕು, ಅವರು ಒಂದು ಕೇಸ್ ನಂಬರ್ ಕೊಡುತ್ತಾರೆ. ಆಮೇಲೆ ಕೆಟ್ಟ ಮಣ್ಣು ತೆಗೆಯಬೇಕು, ಗುಂಡಿಯ ತಳ ಮತ್ತು ಗೋಡೆಗಳಿಂದ ಮಾದರಿ ತೆಗೆದು ಲ್ಯಾಬಿಗೆ ಕಳಿಸಬೇಕು. ಎಲ್ಲ ಸರಿಹೋದ ಮೇಲೆ ಇಲಾಖೆಯಿಂದ ಇನ್ನೇನೂ ಮಾಡಬೇಕಾಗಿಲ್ಲ ಅನ್ನುವ ಪತ್ರ ಬರುತ್ತದೆ. ಮಣ್ಣಿಗೆ ಟನ್ ಲೆಕ್ಕದ ಬೆಲೆ ಇಲ್ಲೇ ಬರೆದಿದೆ, ಪ್ರತಿ ಲಾರಿಯ ತೂಕದ ಚೀಟಿ ನಿಮಗೆ ಕೊಡುತ್ತೇನೆ, ನೀವು ಸಹಿ ಹಾಕದೆ ಒಂದು ಬಕೆಟ್ ಮಣ್ಣನ್ನೂ ಜಾಸ್ತಿ ತೆಗೆಯಲ್ಲ. ಈ ಕೆಲಸಕ್ಕೆ ಇಲಾಖೆ ಕೊಟ್ಟ ಸರ್ಟಿಫಿಕೇಟನ್ನು ನಾನು ಕೇಳುವ ಮೊದಲೇ ತೋರಿಸಿದರು. ಮಾಲಿನ್ಯ ಶುಚಿ ಮಾಡುವುದು ಅವರ ವಿಮೆಯಲ್ಲಿ ಸೇರಿದೆಯೇ ಅಂತಲೂ ನಾನು ಕೇಳಬೇಕು ಅಂತ ಅವರೇ ಹೇಳಿಕೊಟ್ಟರು. ಟ್ಯಾಂಕ್ ತೆಗೆಯಲು ಎರಡು ಸಾವಿರದ ಇನ್ನೂರು. ಮೂವರಲ್ಲಿ ಅವರದ್ದೇ ಜಾಸ್ತಿ. ಅವರಿಗೇ ಕೊಟ್ಟೆವು.

ಈ ರಾಜ್ಯದಲ್ಲಿ ಎಣ್ಣೆ ಸೋರಿದ್ದು ಯಾರ ಕಾಲದಲ್ಲಾದರೂ ಹೊಣೆ ಈಗಿನ ಮಾಲೀಕರ ಹೆಗಲ ಮೇಲೂ ಬರಬಹುದು. 1970ರ ದಶಕದಿಂದಲೂ ಅದಕ್ಕೆ ಕಾನೂನಿದೆ. ನಮ್ಮ ಮನೆಯ ವಿಮೆಯಲ್ಲಿ ನಮ್ಮದೇ ಹಿತ್ತಲಿನ ಮಣ್ಣು ಶುಚಿ ಮಾಡುವ ಖರ್ಚು ಸೇರಿರಲಿಲ್ಲ. ಪಾಲಿಸಿಯ ಸಣ್ಣಕ್ಷರ ಓದಿದ್ದು ಆಗಲೇ ಮೊದಲು.

ನೆಲದೊಳಗಿನ ಗ್ಯಾಸ್, ನೀರು, ಕರೆಂಟ್ ಲೈನು ಎಲ್ಲಿವೆ ಅಂತ ಗುರುತು ಮಾಡಿಸಲು ಕೆಲಸಕ್ಕೆ ಮುಂಚೆ ಅಗೆಯುವವರು 811ಕ್ಕೆ ಫೋನ್ ಮಾಡಬೇಕು. ಕನಿಷ್ಠ ಮೂರು ಕೆಲಸದ ದಿನ ಮೊದಲು. ಆಯಾ ಲೈನಿನವರು ಒಬ್ಬೊಬ್ಬರಾಗಿ ಬಂದು ಹುಲ್ಲಿನ ಮೇಲೆ ಬಣ್ಣದ ಗೆರೆ ಎಳೆದು ಹೋದರು. ಗ್ಯಾಸಿಗೆ ಹಳದಿ, ನೀರಿಗೆ ನೀಲಿ, ಕರೆಂಟಿಗೆ ಕೆಂಪು. ರಂಗೋಲಿಯ ಹಾಗಿದೆ ಅಂತ ಮಗಳು ಅದನ್ನು ತುಳಿಯದೆ ಸುತ್ತಿಕೊಂಡು ಓಡಾಡಿದಳು.

ಮೇ ಕೊನೆಯ ಒಂದು ಬೆಳಿಗ್ಗೆ ಸಣ್ಣ ಜೆಸಿಬಿ ಬಂತು. ಪೊದೆ ಕಿತ್ತರು. ಎರಡೂವರೆ ಅಡಿ ಕೆಳಗೆ ಟ್ಯಾಂಕಿನ ಬೆನ್ನು ಕಾಣಿಸಿತು. ಅದರಲ್ಲಿ ಒಂದು ಚೌಕ ಕತ್ತರಿಸಿ, ಗಾಳಿ ಊದಿ, ಆವಿ ಅಳೆಯುವ ಯಂತ್ರ ಇಳಿಸಿ ನೋಡಿದರು. ದಪ್ಪ ಮೆದುಗೊಳವೆ ಬಿಟ್ಟು ಉಳಿದ ಎಣ್ಣೆ ಹೀರಿದರು. ಆಮೇಲೆ ಬಿಳಿ ಉಡುಪು ಹಾಕಿಕೊಂಡ ಹುಡುಗನೊಬ್ಬ ಆ ಚೌಕದೊಳಗೆ ಇಳಿದ. ನಾಲ್ಕು ಅಡಿ ಅಗಲದ ಆ ಕತ್ತಲಲ್ಲಿ ಬಗ್ಗಿ ಕೂತು ತಳದ ಕೆಸರನ್ನು ಬಳಿದು ಬಳಿದು ಬಕೆಟ್ಟಿಗೆ ತುಂಬಿದ. ಹೊರಗೆ ಬಂದಾಗ ಬಿಳಿ ಉಡುಪು ಮೊಣಕಾಲಿನವರೆಗೆ ಕಪ್ಪಾಗಿತ್ತು. ನಾನು ಮಾಡಿಕೊಟ್ಟ ನಿಂಬೆಹಣ್ಣಿನ ಪಾನಕ ಎರಡು ಲೋಟ ಕುಡಿದ. ಇಷ್ಟು ಕಷ್ಟದ ಕೆಲಸ ಒಂಬೈನೂರು ಡಾಲರಿಗೆ ಹೇಗೆ ಆಗುತ್ತದೆ? ಅಷ್ಟು ಕಡಿಮೆಗೆ ಒಪ್ಪಿಕೊಂಡವರು ಈ ಹುಡುಗನನ್ನು ಒಳಗೆ ಇಳಿಸುವ ಮೊದಲು ಗಾಳಿ ಅಳೆದು ನೋಡುತ್ತಿದ್ದರಾ ಅಂತ ನಾನು ಈಗಲೂ ಯೋಚಿಸುತ್ತೇನೆ.

ಮಧ್ಯಾಹ್ನ ಸರಪಳಿ ಹಾಕಿ ಟ್ಯಾಂಕ್ ಎತ್ತಿ ಪ್ಲಾಸ್ಟಿಕ್ ಹಾಳೆಯ ಮೇಲೆ ಇಟ್ಟರು. ಅಂಟಿದ್ದ ಮಣ್ಣನ್ನು ಕೆರೆದು ತೆಗೆದರು. ಟೌನ್‌ಶಿಪ್ ಇನ್ಸ್‌ಪೆಕ್ಟರ್ ಬಂದು ಸುತ್ತ ನೋಡಿದರು. ಕಂಟ್ರಾಕ್ಟರ್ ನನ್ನನ್ನು ಹತ್ತಿರ ಕರೆದರು. "ಅಮ್ಮಾ ಇಲ್ಲಿ ನೋಡಿ" ಅನ್ನುವ ದನಿಯಲ್ಲೇ ಕರೆದರು, ಭಾಷೆ ಬೇರೆ ಅಷ್ಟೆ.

ಟ್ಯಾಂಕಿನ ತಳದಲ್ಲಿ ಒಂದು ತೂತು. ಕಡಲೆಕಾಳಿನಷ್ಟು. ಸರಿಯಾಗಿ ಎಣ್ಣೆ ಹಾಕುವ ಪೈಪಿನ ನೇರಕ್ಕೆ. ಎಣ್ಣೆ ಎಷ್ಟಿದೆ ಅಂತ ನೋಡುವುದಕ್ಕೆ ಆ ಪೈಪಿನಿಂದ ಉದ್ದ ಕೋಲು ಇಳಿಸುತ್ತಾರೆ. ಕೋಲಿನ ತುದಿ ಪ್ರತಿ ಸಲ ಅದೇ ಜಾಗಕ್ಕೆ ಬಡಿಯುತ್ತದೆ. ಒಳಗೆ ಕೂಡಿದ ನೀರೂ ತಳಕ್ಕೇ ಇಳಿಯುತ್ತದೆ, ಯಾಕೆಂದರೆ ನೀರು ಎಣ್ಣೆಗಿಂತ ಭಾರ. ನೀರು ತಿಂದು ತೆಳುವಾದ ಕಬ್ಬಿಣಕ್ಕೆ ವರ್ಷಗಟ್ಟಲೆ ಕೋಲಿನ ಪೆಟ್ಟು. ಎಣ್ಣೆ ಎಷ್ಟಿದೆ ಅಂತ ಜೋಪಾನವಾಗಿ ನೋಡಿದವರ ಕೈಯಿಂದಲೇ ಆ ತೂತು ಆಗಿದ್ದು. ನಾನು ಅದರೊಳಗೆ ಕಿರುಬೆರಳು ಇಟ್ಟು ನೋಡಿದೆ. ಅಂಚು ಹಪ್ಪಳದಷ್ಟು ತೆಳ್ಳಗಿತ್ತು.

ಆಮೇಲೆ ಗುಂಡಿ ತೋರಿಸಿದರು. ಈ ಭಾಗದ ನೆಲ ಕೆಂಪು ಜೇಡಿಬಂಡೆಯಿಂದ ಆದದ್ದು. ಮೇಲಿನ ಮಣ್ಣು ನಮ್ಮೂರ ಕೆಮ್ಮಣ್ಣಿನ ಹಾಗೇ ಇರುತ್ತದೆ. ನಾವು ಈ ಮನೆ ನೋಡಲು ಬಂದಾಗ ನನಗೆ ಮೊದಲು ಹಿಡಿಸಿದ್ದೇ ಆ ಮಣ್ಣಿನ ಬಣ್ಣ. ಗುಂಡಿಯ ಗೋಡೆಗಳು ಹಾಗೇ ಕೆಂಪಗಿದ್ದವು. ತಳ ಮಾತ್ರ ಬೂದು ಹಸಿರು, ಹೊಂಡದ ಪಾಚಿಯ ಹಾಗೆ. ಎಣ್ಣೆ ಇಳಿದ ಕಡೆ ಸೂಕ್ಷ್ಮಜೀವಿಗಳು ಅದನ್ನು ತಿನ್ನುತ್ತಾ ಮಣ್ಣಿನ ಆಮ್ಲಜನಕವನ್ನೆಲ್ಲ ಮುಗಿಸಿಬಿಡುತ್ತವಂತೆ. ಆಗ ಮಣ್ಣಿನ ಕಬ್ಬಿಣ ತನ್ನ ಕೆಂಪು ಕಳೆದುಕೊಳ್ಳುತ್ತದೆ. ಅವರು ಒಂದು ಹಿಡಿ ತೆಗೆದು ಕೈಗವಸಿನ ಮೇಲೆ ಇಟ್ಟು ನನ್ನ ಮುಂದೆ ಹಿಡಿದರು.

ಸೀಮೆಎಣ್ಣೆ. ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಕ್ಯಾನ್ ಹಿಡಿದು ಅಮ್ಮನ ಜೊತೆ ನಿಲ್ಲುತ್ತಿದ್ದ ವಾಸನೆ. ಡಬ್ಬದಿಂದ ಲೀಟರ್ ಅಳತೆಗೆ, ಅಳತೆಯಿಂದ ಆಲಿಕೆಗೆ ಬೀಳುವಾಗ ಒಂದು ಹನಿ ಹೊರಗೆ ಚೆಲ್ಲಿದರೂ ಅಮ್ಮ "ನಿಧಾನ ಕಣಪ್ಪಾ" ಅನ್ನುತ್ತಿದ್ದರು. ಇಲ್ಲಿ ಎಷ್ಟು ವರ್ಷ, ಎಷ್ಟು ಲೀಟರ್ ಸೋರಿತೋ. ನನ್ನ ಕಣ್ಣು ತುಂಬಿ ಬಂತು. ದುಡ್ಡಿನ ಭಯವೂ ಇತ್ತು, ಸುಳ್ಳು ಹೇಳಲ್ಲ. ಆದರೆ ಆ ಹೊತ್ತಿಗೆ ಕಣ್ಣು ತುಂಬಿದ್ದು ಆ ಮಣ್ಣಿನ ಬಣ್ಣ ನೋಡಿ.

ಅವರು ಅಲ್ಲಿಂದಲೇ ಹಾಟ್‌ಲೈನ್‌ಗೆ ಫೋನ್ ಮಾಡಿ ಕೇಸ್ ನಂಬರ್ ಬರೆದುಕೊಟ್ಟರು. ಅವತ್ತು ಅಷ್ಟಕ್ಕೇ ಕೆಲಸ ನಿಲ್ಲಿಸಿದರು. "ಇವತ್ತು ಏನೂ ನಿರ್ಧಾರ ಮಾಡಬೇಡಿ, ಬೇಕಾದರೆ ಬೇರೆಯವರಿಂದಲೂ ಕೊಟೇಷನ್ ತೆಗೆದುಕೊಳ್ಳಿ" ಅಂದರು. ತೆಗೆದುಕೊಂಡೆವು. ಕೊನೆಗೆ ಅವರ ಹತ್ತಿರವೇ ವಾಪಸ್ ಹೋದೆವು. ಗೋಡೆಯ ಪಾಯಕ್ಕೆ ಧಕ್ಕೆಯಾಗದ ಹಾಗೆ ಸ್ವಲ್ಪ ಸ್ವಲ್ಪವೇ ಅಗೆದು, ಜೂನ್‌ನಲ್ಲಿ ಎರಡು ದಿನ ಕೆಲಸ ಮಾಡಿ 31 ಟನ್ ಮಣ್ಣು ತೆಗೆದರು. ಪ್ರತಿ ಲಾರಿಯ ತೂಕದ ಚೀಟಿ ನನ್ನ ಕೈಗೆ ಬಂತು. ಪುಣ್ಯಕ್ಕೆ ಎಣ್ಣೆ ಅಂತರ್ಜಲದವರೆಗೆ ಹೋಗಿರಲಿಲ್ಲ. ತಳದಲ್ಲಿ ಮತ್ತೆ ಕೆಂಪು ಮಣ್ಣು ಕಂಡಾಗ ಜೆಸಿಬಿ ಓಡಿಸುತ್ತಿದ್ದವರು ನನ್ನ ಕಡೆ ತಿರುಗಿ ಹೆಬ್ಬೆರಳು ಎತ್ತಿದರು. ಲ್ಯಾಬ್ ವರದಿ ಕೂಡ ಹಾಗೇ ಹೇಳಿತು. ಸೊಪ್ಪಿನ ಮಡಿಯ ಮಣ್ಣನ್ನು ಬೇರೆಯಾಗಿ ಪರೀಕ್ಷೆಗೆ ಕಳಿಸಿ ಅಂತ ಕೇಳಿಕೊಂಡಿದ್ದೆ. ಅಲ್ಲಿ ಏನೂ ಇರಲಿಲ್ಲ. ಆ ವರದಿ ಬಂದ ರಾತ್ರಿ ನೆಮ್ಮದಿಯಾಗಿ ಮಲಗಿದೆ.

ಎಲ್ಲ ಸೇರಿ ಹದಿನಾಲ್ಕು ಸಾವಿರ ಡಾಲರ್ ದಾಟಿತು. ಆ ವರ್ಷ ಊರಿಗೆ ಹೋಗುವುದನ್ನು ಬಿಟ್ಟೆವು.

ಒಂದು ಮಾತು ಮರೆಯುವ ಮುಂಚೆ ಬರೆಯಬೇಕು. ಟ್ಯಾಂಕ್ ಜೊತೆ ಪೈಪುಗಳನ್ನೂ ತೆಗೆಸಿ, ಗೋಡೆಯ ತೂತನ್ನು ಸಿಮೆಂಟ್ ಹಾಕಿ ಮುಚ್ಚಿಸಿ. ಎಣ್ಣೆ ಹಾಕುವ ಪೈಪು ಹಾಗೇ ಉಳಿದಿದ್ದ ಮನೆಗಳಿಗೆ ವಿಳಾಸ ತಪ್ಪಿ ಲಾರಿ ಬಂದು, ಇಲ್ಲದ ಟ್ಯಾಂಕಿಗೆ ಎಣ್ಣೆ ಬಿಟ್ಟು ಬೇಸ್‌ಮೆಂಟ್ ತುಂಬ ಹರಿದ ಘಟನೆಗಳು ಈ ದೇಶದಲ್ಲಿ ನಡೆದಿವೆ. ಟ್ಯಾಂಕನ್ನು ಗುಜರಿಗೆ ಹಾಕಿದ ರಸೀದಿಯನ್ನೂ ಕೇಳಿ ಇಟ್ಟುಕೊಳ್ಳಿ.

ಇಲಾಖೆಯ ಪತ್ರ ಡಿಸೆಂಬರಿನಲ್ಲಿ ಬಂತು. ಪರ್ಮಿಟ್, ಇನ್ಸ್‌ಪೆಕ್ಟರ್ ಸಹಿ, ತೂಕದ ಚೀಟಿಗಳು, ಲ್ಯಾಬ್ ವರದಿ, ಫೋಟೊ, ರಸೀದಿ ಎಲ್ಲವನ್ನೂ ಒಂದು ಫೈಲಿಗೆ ಹಾಕಿ ಮನೆ ಪತ್ರದ ಜೊತೆ ಇಟ್ಟಿದ್ದೇನೆ. ಮುಂದೆ ಈ ಮನೆಗೆ ಯಾರು ಬರುತ್ತಾರೋ ಅವರ ಕೈಗೆ ಆ ಫೈಲು ಹೋಗಬೇಕು.

ಹೋದ ವರ್ಷ ಹಿಮ ಕರಗಿದ ಮೇಲೆ ಗುಂಡಿ ಮುಚ್ಚಿದ ಜಾಗ ಅಂಗೈ ಆಳ ಕುಸಿಯಿತು. ಹಾಗಾಗುತ್ತದೆ ಅಂತ ಕಂಟ್ರಾಕ್ಟರ್ ಮೊದಲೇ ಹೇಳಿದ್ದರು. ಫೋನ್ ಮಾಡಿದೆ. ಶನಿವಾರ ತಾವೇ ಬಂದು ಅರ್ಧ ಗಾಡಿ ಮಣ್ಣು ಸುರಿದು ಸಮ ಮಾಡಿ ಹೋದರು, ದುಡ್ಡು ತೆಗೆದುಕೊಳ್ಳಲಿಲ್ಲ. ಎದುರುಮನೆ ಅಜ್ಜಿ ನಾಯಿ ಜೊತೆ ನಿಂತು ನೋಡುತ್ತಿದ್ದರು. ಈ ಸಲ ಅಲ್ಲಿಗೂ ಮಡಿ ಬೆಳೆಸಿದ್ದೇನೆ. ಅಮ್ಮ ಕಳಿಸಿದ ದಂಟಿನ ಬೀಜ ಹತ್ತು ದಿನದ ಹಿಂದೆ ಚೆಲ್ಲಿದ್ದು. ಈಗ ಎರಡೆರಡು ಎಲೆ ಬಿಟ್ಟಿವೆ, ಕೆಂಪು ದಂಟು.